ಬೋಟ್ ಕೊಳ್ಳುವ ಮುನ್ನ ಹಿಂದಕ್ಕೆ ಹೋಗಿ ಬಗ್ಗಿ ನೋಡಿ

ಏಪ್ರಿಲ್ ಬಂತೆಂದರೆ ನನ್ನ ಫೋನ್‌ಗೆ ಬಿಡುವಿಲ್ಲ. ಅಮೆರಿಕದ ಟೆಕ್ಸಸ್‌ನ ಆಸ್ಟಿನ್ ಸುತ್ತಮುತ್ತಲಿನ ನಮ್ಮ ಕನ್ನಡದ ಮನೆಗಳಿಂದ ಯಾರಾದರೊಬ್ಬರು ಕೇಳುತ್ತಾರೆ: “ಅಕ್ಕಾ, ಮಕ್ಕಳು ವೇಕ್‌ಬೋರ್ಡಿಂಗ್ ಅಂತ ಒಂದೇ ಸಮ ಹಟ ಮಾಡ್ತಿದಾರೆ. ಒಂದು ಹಳೇ ಬೋಟ್ ನೋಡಿಟ್ಟಿದೀವಿ. ಸೀಟು, ಸ್ಪೀಕರ್ ಎಲ್ಲ ಚೆನ್ನಾಗಿದೆ. ತಗೊಳ್ಳಬಹುದಾ?”

ವೇಕ್‌ಬೋರ್ಡಿಂಗ್ ಅಂದರೆ ಕಾಲಿಗೆ ಹಲಗೆ ಕಟ್ಟಿಕೊಂಡು, ಬೋಟ್ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ. ಸೀಟಿನ ಮಾತು ಆಮೇಲೆ ಆಡೋಣ. ಬೋಟ್ ಟ್ರೈಲರ್ ಮೇಲೆ ನಿಂತಿರುವಾಗಲೇ ಅದರ ಹಿಂಬದಿಗೆ ಹೋಗಿ, ಮೊಣಕಾಲೂರಿ ಬಗ್ಗಿ, ನೀರಲ್ಲಿ ತಿರುಗಿ ಬೋಟನ್ನು ತಳ್ಳುವ ಪ್ರೊಪೆಲ್ಲರ್ ಎಲ್ಲಿದೆ ನೋಡಿ, ಒಂದು ಫೋಟೋ ತೆಗೆದು ಕಳಿಸಿ ಅನ್ನುತ್ತೇನೆ. ಬೋಟ್ ಒಳಗೆ ಕೂರುವವರ ಸುಖ ನೋಡಿ ಕೊಂಡುಬಿಡುವವರೇ ಹೆಚ್ಚು. ಹಗ್ಗ ಹಿಡಿದು ನೀರಿನಲ್ಲಿರುವ ಮಗುವನ್ನು ನೆನೆದುಕೊಂಡು ಕೊಳ್ಳಿ ಎನ್ನುವುದಷ್ಟೇ ನನ್ನ ಮಾತು.

ನಾನು ಹುಟ್ಟಿ ಬೆಳೆದದ್ದು ಸಾಗರ ತಾಲ್ಲೂಕಿನ ತುಮರಿ ಕಡೆ, ಲಿಂಗನಮಕ್ಕಿ ಹಿನ್ನೀರಿನ ದಂಡೆಯಲ್ಲಿ. ಈಗ ವಾರಾಂತ್ಯ ಕಳೆಯುವ ಲೇಕ್ ಟ್ರ್ಯಾವಿಸ್ ಕೂಡ ಹೆಸರಿಗೆ ಲೇಕ್, ನಿಜಕ್ಕೆ ಅದು ಮ್ಯಾನ್ಸ್‌ಫೀಲ್ಡ್ ಅಣೆಕಟ್ಟಿನ ಹಿನ್ನೀರು. 2018ರಲ್ಲಿ ನಾವು ಇಲ್ಲಿ ಕೊಂಡ ಮೊದಲ ಬೋಟ್ 19 ಅಡಿಯದು, ಸ್ಟರ್ನ್‌ಡ್ರೈವ್ ಎಂಬ ಬಗೆಯದು. ಮಕ್ಕಳು ಕೂರುವ ಗಾಳಿ ತುಂಬಿದ ಟ್ಯೂಬ್ ಎಳೆಯಲು ಚೆನ್ನಾಗಿತ್ತು, ಮಗ ಅದರ ಹಿಂದೆಯೇ ವೇಕ್‌ಬೋರ್ಡ್ ಮೇಲೆ ನಿಲ್ಲುವುದನ್ನು ಕಲಿತ. ಎರಡು ವರ್ಷದ ಮೇಲೆ, ಬೋಟ್ ಎಬ್ಬಿಸುವ ಅಲೆಯ ಮೇಲೇ ಜಾರುವ ವೇಕ್‌ಸರ್ಫ್ ಮಾಡುತ್ತೇನೆ ಎಂದಾಗ ಆ ಬೋಟ್ ಮಾರಲೇಬೇಕಾಯಿತು. ಕಾರಣ ಪ್ರೊಪೆಲ್ಲರ್.

ಪ್ರೊಪೆಲ್ಲರ್ ಎಲ್ಲಿದೆ ಎನ್ನುವುದರ ಮೇಲೆ ಬೋಟ್‌ಗಳಲ್ಲಿ ನಾಲ್ಕು ಬಗೆ. ಔಟ್‌ಬೋರ್ಡ್‌ನಲ್ಲಿ ಇಡೀ ಮೋಟಾರು ಬೋಟಿನ ಹಿಂದೆ ನೇತಾಡುತ್ತದೆ, ಪ್ರೊಪೆಲ್ಲರ್ ಅದರ ಬುಡದಲ್ಲಿ. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ಒಳಗಿರುತ್ತದೆ, ಆದರೆ ಪ್ರೊಪೆಲ್ಲರ್ ಹೊತ್ತ ಕಾಲು ಹಿಂಬದಿಯಿಂದ ಹೊರಗೆ ಚಾಚಿರುತ್ತದೆ. ಇನ್‌ಬೋರ್ಡ್‌ನಲ್ಲಿ ಪ್ರೊಪೆಲ್ಲರ್ ತಿರುಗಿಸುವ ಸರಳು, ಅಂದರೆ ಶಾಫ್ಟ್, ಬೋಟಿನ ತಳ ತೂರಿ ಕೆಳಗೆ ಬರುತ್ತದೆ, ಪ್ರೊಪೆಲ್ಲರ್ ಚುಕ್ಕಾಣಿಗಿಂತ ಮುಂದೆ ಹೊಟ್ಟೆಯಡಿ ಅಡಗಿರುತ್ತದೆ. ಹಿಂದಿನ ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟರೆ ಅದು ತಾಗುವುದಿಲ್ಲ. ನಾಲ್ಕನೆಯದು ಫಾರ್ವರ್ಡ್ ಡ್ರೈವ್: ವೋಲ್ವೊ ಪೆಂಟಾ ಎಂಬ ಎಂಜಿನ್ ಕಂಪನಿ 2015ರಲ್ಲಿ ತಂದದ್ದು. ನೋಡಲು ಸ್ಟರ್ನ್‌ಡ್ರೈವ್ ಥರವೇ, ಆದರೆ ಪ್ರೊಪೆಲ್ಲರ್‌ಗಳು ಮುಂದಕ್ಕೆ ಮುಖಮಾಡಿ ಬೋಟಿನಡಿಗೆ ಸರಿದಿರುತ್ತವೆ.

ವೇಕ್‌ಬೋರ್ಡ್ ಮಾಡುವವರು 65ರಿಂದ 75 ಅಡಿ ಹಗ್ಗದ ಆ ತುದಿಯಲ್ಲಿರುತ್ತಾರೆ. ಹಾಗಾಗಿ ಈ ನಾಲ್ಕರಲ್ಲಿ ಯಾವುದಾದರೂ ಎಳೆದೀತು. ವೇಕ್‌ಸರ್ಫ್ ಹಾಗಲ್ಲ. ಅದರಲ್ಲಿ ಬೋಟಿನಿಂದ ಹತ್ತು-ಹನ್ನೆರಡು ಅಡಿ ದೂರದಲ್ಲಿ, ಕೊನೆಗೆ ಹಗ್ಗವನ್ನೂ ಬಿಟ್ಟು, ಅಲೆಯ ಮೇಲೆಯೇ ಜಾರುತ್ತಾರೆ. ಅಲೆ ಒಮ್ಮೊಮ್ಮೆ ಅವರನ್ನು ಬೋಟಿನ ಕಡೆಗೇ ತಳ್ಳುತ್ತದೆ. ಔಟ್‌ಬೋರ್ಡ್ ಅಥವಾ ಮಾಮೂಲಿ ಸ್ಟರ್ನ್‌ಡ್ರೈವ್ ಹಿಂದೆ ಯಾರನ್ನೂ ಸರ್ಫ್ ಮಾಡಲು ಬಿಡಬೇಡಿ, ಒಂದೇ ಒಂದು ಸಲ ಅಂದರೂ ಬಿಡಬೇಡಿ. ಇನ್ನು ಯಾವ ಬೋಟೇ ಇರಲಿ, ಯಾರಾದರೂ ನೀರಿನಿಂದ ಹತ್ತುವಾಗ ಎಂಜಿನ್ ಪೂರ್ತಿ ಆಫ್ ಆಗಿರಬೇಕು, ನ್ಯೂಟ್ರಲ್ ಸಾಲದು.

ಮಕ್ಕಳು ಸಣ್ಣವರು, ಟ್ಯೂಬ್ ಮತ್ತು ಈಜಿನಲ್ಲೇ ಖುಷಿಯಾಗಿದ್ದಾರೆ, ವರ್ಷಕ್ಕೆ ಎರಡು ದಿನ ವೇಕ್‌ಬೋರ್ಡ್ ಅಂದರೆ, ಸ್ಟರ್ನ್‌ಡ್ರೈವ್ ಅಥವಾ ಔಟ್‌ಬೋರ್ಡ್ ಧಾರಾಳ ಸಾಕು. ದುಡ್ಡೂ ಉಳಿಯುತ್ತದೆ. ಪ್ರತಿ ವಾರ ನೀರಿಗಿಳಿಯುವ ಮಕ್ಕಳಿದ್ದರೆ ಇನ್‌ಬೋರ್ಡ್ ನೋಡಿ. ಅದರಲ್ಲೂ ಎರಡು ಬಗೆ, ಎರಡರ ಗುಣವೂ ಪೂರ್ತಿ ಬೇರೆ.

ಡೈರೆಕ್ಟ್ ಡ್ರೈವ್‌ನಲ್ಲಿ ಎಂಜಿನ್ ಬೋಟಿನ ನಡುಮಧ್ಯೆ ಒಂದು ಪೆಟ್ಟಿಗೆಯೊಳಗೆ ಇರುತ್ತದೆ. ಭಾರ ನಡುವಿನಲ್ಲಿರುವುದರಿಂದ ಹಿಂದೆ ಏಳುವ ಅಲೆ ತಗ್ಗಾಗಿ ಮೆತ್ತಗಿರುತ್ತದೆ. ವಾಟರ್ ಸ್ಕೀ ಮಾಡುವವರಿಗೆ ಬೇಕಾದ್ದು ಅದೇ. ಗಂಟೆಗೆ 30 ಮೈಲಿಗಿಂತ ವೇಗದಲ್ಲಿ ಅಡ್ಡಡ್ಡ ಕತ್ತರಿಸಿಕೊಂಡು ಹೋಗುವಾಗ ದೊಡ್ಡ ಅಲೆ ಕಾಲಿಗೆ ಕಲ್ಲು ಹೊಡೆದ ಹಾಗೆ ಹೊಡೆಯುತ್ತದೆ. 1961ರ ಸ್ಕೀ ನಾಟಿಕ್ ಬೋಟ್, 1968ರಲ್ಲಿ ಟೆನೆಸಿಯಲ್ಲಿ ಶುರುವಾದ ಮಾಸ್ಟರ್‌ಕ್ರಾಫ್ಟ್ ಕಂಪನಿಯ ಬೋಟ್, ಇವೆಲ್ಲ ಹುಟ್ಟಿದ್ದು ಸ್ಕೀ ಮಾಡುವವರಿಗಾಗಿ. ವೇಕ್‌ಬೋರ್ಡ್‌ಗೆ ಬೇಕಾದ್ದು ಇದರ ತದ್ವಿರುದ್ಧ. ಗಂಟೆಗೆ 18ರಿಂದ 24 ಮೈಲಿ ವೇಗ, ಎತ್ತರದ ಗಟ್ಟಿ ಅಲೆ, ಅದನ್ನೇ ಚಿಮ್ಮುಹಲಗೆ ಮಾಡಿಕೊಂಡು ಹಾರುವುದು. ಅದಕ್ಕೆ ಬಂದದ್ದು ವಿ-ಡ್ರೈವ್. ಎಂಜಿನ್ ತೀರ ಹಿಂದೆ, ತಿರುಗಾಮುರುಗಾ ಕೂರುತ್ತದೆ. ಶಾಫ್ಟ್ ಮುಂದಕ್ಕೆ ಹೋಗಿ ಗೇರ್‌ಬಾಕ್ಸ್‌ನಲ್ಲಿ ಮಡಚಿ ಮತ್ತೆ ಹಿಂದಕ್ಕೆ ಬರುತ್ತದೆ. ಹಿಂಬದಿ ಮುಳುಗಿದಷ್ಟೂ ಅಲೆ ಏಳುತ್ತದೆ, ನಡುವೆ ಮಕ್ಕಳು ಓಡಾಡಲು ಜಾಗವೂ ಸಿಗುತ್ತದೆ. “ಎರಡಕ್ಕೂ ಆಗುತ್ತೆ” ಎಂದು ಮಾರುವವರು ಹೇಳುತ್ತಾರೆ. ಆಗುತ್ತದೆ, ಆದರೆ ಒಂದಕ್ಕೆ ಮಾತ್ರ ಚೆನ್ನಾಗಿ ಆಗುತ್ತದೆ. ಮನೆಯಲ್ಲಿ ಹೆಚ್ಚು ದಿನ ಯಾರು ಹಗ್ಗ ಹಿಡಿಯುತ್ತಾರೋ ಅವರ ಕಡೆಗೆ ತೀರ್ಮಾನ ಮಾಡಿ.

ಬಾಲಸ್ಟ್ ಅಂದರೆ ಏನು ಎಂದು ಬಹಳ ಜನ ಕೇಳುತ್ತಾರೆ. ಲೇಕಿನ ನೀರನ್ನೇ ಪಂಪಿನಿಂದ ಎಳೆದು ಬೋಟಿನೊಳಗಿನ ಟ್ಯಾಂಕ್‌ಗಳಿಗೆ ತುಂಬಿ ಭಾರ ಹೆಚ್ಚಿಸುವುದು, ಅಷ್ಟೇ. ನಮ್ಮ ಈಗಿನ 21 ಅಡಿ ಬೋಟಿನಲ್ಲಿ 1,200 ಪೌಂಡ್ ನೀರು ಹಿಡಿಯುತ್ತದೆ. ಸುಮಾರು 545 ಕೆಜಿ, ಅಂದರೆ ಐವತ್ತು ಕೆಜಿಯ ಹನ್ನೊಂದು ಅಕ್ಕಿ ಮೂಟೆ. ಆ ಮೂಟೆಗಳನ್ನು ಎಲ್ಲಿ ಇಡುತ್ತೀರಿ ಎನ್ನುವುದರ ಮೇಲೆ ಅಲೆಯ ಆಕಾರ ನಿಂತಿದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ನಮ್ಮೂರಿಗೆ ಲಾಂಚೇ ಗತಿ. ಜೀಪ್ ಹತ್ತಿಸುವಾಗ ಲಾಂಚಿನವರು “ಇನ್ನೂ ಈಚೆ ಬರ್ಲಿ, ಹಾಂ, ಸಾಕು” ಎಂದು ಕೈ ಮಾಡಿ ನಿಲ್ಲಿಸುತ್ತಿದ್ದರು. ಒಂದು ಪಕ್ಕ ಭಾರವಾದರೆ ಇಡೀ ಲಾಂಚ್ ವಾಲುತ್ತದೆ ಎಂದು ಹತ್ತು ವರ್ಷಕ್ಕೇ ನನಗೆ ಗೊತ್ತಿತ್ತು. ವೇಕ್‌ಬೋರ್ಡ್‌ಗೆ ಬೋಟನ್ನು ಸಮನಾಗಿ ಇಡಬೇಕು. ಸರ್ಫ್‌ಗೆ ಹಿಂದೆಲ್ಲ ಬೇಕೆಂದೇ ಒಂದು ಪಕ್ಕ ವಾಲಿಸುತ್ತಿದ್ದರು. ಮಾಲಿಬು ಬೋಟಿನ ಸರ್ಫ್ ಗೇಟ್‌ನಂಥ ವ್ಯವಸ್ಥೆಗಳು 2013ರ ಆಸುಪಾಸಿನಿಂದ ಬಂದ ಮೇಲೆ ಬೋಟನ್ನು ವಾಲಿಸದೆಯೇ ಒಂದು ಪಕ್ಕದ ಅಲೆಯನ್ನು ನುಣುಪು ಮಾಡಬಹುದು. ಅದಕ್ಕಿಂತ ಹಳೆಯ ಬೋಟ್ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ, ನಮ್ಮದೂ 2011ರದ್ದು. ನೀರು ತುಂಬುವ ಚೀಲಗಳನ್ನು ಇಟ್ಟುಕೊಂಡು ಚೆನ್ನಾಗಿಯೇ ಸರ್ಫ್ ಮಾಡುತ್ತೇವೆ. ಆದರೆ ಬೋಟಿನ ಮೇಲಿನ ಫಲಕದಲ್ಲಿ ಎಷ್ಟು ಜನ, ಎಷ್ಟು ಭಾರ ಎಂದು ಬರೆದಿದೆಯೋ ಅದರಲ್ಲಿ ಚೀಲದ ನೀರನ್ನೂ ಲೆಕ್ಕ ಹಿಡಿಯಿರಿ.

ಮೇಲಿನ ಕಮಾನು, ಅಂದರೆ ಟವರ್, ಅಂದಕ್ಕಲ್ಲ. ಹಗ್ಗವನ್ನು ಎತ್ತರದಿಂದ ಎಳೆದರೆ ಕಲಿಯುವವರು ನೀರಿನಿಂದ ಸುಲಭವಾಗಿ ಏಳುತ್ತಾರೆ. ಟ್ಯೂಬನ್ನು ಮಾತ್ರ ಟವರ್‌ಗೆ ಕಟ್ಟಬೇಡಿ. ಟ್ಯೂಬ್ ನೀರೊಳಗೆ ಮೂಗು ತೂರಿಸಿತೆಂದರೆ ಆ ಜಗ್ಗಿಗೆ ಟವರ್ ಕಿತ್ತುಬರಬಹುದು. ಅದಕ್ಕೆ ಹಿಂದಿನ ಕೆಳಗಿನ ಕೊಂಡಿ ಇದೆ. ಹಾಗೆಯೇ ವೇಗವನ್ನು ತಾನೇ ಹಿಡಿದಿಡುವ ಜಿಪಿಎಸ್ ಕಂಟ್ರೋಲ್ ಇದ್ದರೆ ಅದಕ್ಕೆ ಒಂದಿಷ್ಟು ಹೆಚ್ಚು ದುಡ್ಡು ಕೊಡಬಹುದು. ಮಗುವಿಗೆ 16 ಮೈಲಿ ಅಂದರೆ 16ರಲ್ಲೇ ಇರಬೇಕು, ಕೈಯಲ್ಲಿ ಥ್ರಾಟಲ್ ಹಿಡಿದರೆ ಅದು 14, 19 ಎಂದು ಏರಿಳಿಯುತ್ತಲೇ ಇರುತ್ತದೆ. ಬಣ್ಣ, ಸ್ಪೀಕರ್, ದೀಪ ನಿಮ್ಮಿಷ್ಟ.

ನಿಮ್ಮ ನೀರು ಯಾವುದು ಎನ್ನುವುದೂ ಮುಖ್ಯ. ಲೇಕ್ ಆಸ್ಟಿನ್‌ನಲ್ಲಿ ಮಟ್ಟ ಹೆಚ್ಚುಕಮ್ಮಿ ಒಂದೇ ಇರುತ್ತದೆ, ಆದರೆ ಅದು ಇಕ್ಕಟ್ಟು, ದಡದ ಮನೆಗಳ ಕಟ್ಟೆಗೆ ನಿಮ್ಮ ಅಲೆ ಹೋಗಿ ಬಡಿಯುತ್ತದೆ. ಟ್ರ್ಯಾವಿಸ್ ಅಗಲ, ಆಳ, ಆದರೆ ತುಂಬಿದಾಗ ಸಮುದ್ರಮಟ್ಟದಿಂದ 681 ಅಡಿ ಇರುವ ಮಟ್ಟ ಬರದಲ್ಲಿ ಹತ್ತಾರು ಅಡಿ ಇಳಿಯುತ್ತದೆ. ಬೋಟ್ ಇಳಿಸುವ ರಾಂಪ್‌ಗಳು ಒಂದೊಂದಾಗಿ ಮುಚ್ಚುತ್ತವೆ, ನೀರಡಿಯ ಬಂಡೆಗಳು ಮೇಲೆ ಬರುತ್ತವೆ. ಅಣೆಕಟ್ಟಿನ ಹತ್ತಿರ ಹಾಗೆ ತಲೆ ಎತ್ತುವ ನಡುಗಡ್ಡೆಗಳ ಹೆಸರೇ ಸಮ್‌ಟೈಮ್ಸ್ ಐಲ್ಯಾಂಡ್ಸ್. ಔಟ್‌ಬೋರ್ಡ್ ಆದರೆ ಮೋಟಾರು ಮೇಲೆತ್ತಿ ಪಾರಾಗಬಹುದು. ಇನ್‌ಬೋರ್ಡ್‌ನ ಪ್ರೊಪೆಲ್ಲರ್ ಎತ್ತಲು ಬರುವುದಿಲ್ಲ. ಕಲ್ಲಿಗೆ ತಾಗಿದರೆ ಶಾಫ್ಟ್ ಸಮೇತ ಬಾಗುತ್ತದೆ. ನಿಮ್ಮ ಊರಿನ ಲೇಕ್ ಆಳವಿಲ್ಲದ್ದಾದರೆ ನಾನು ಹೊಗಳಿದ ಇನ್‌ಬೋರ್ಡ್ ನಿಮಗಲ್ಲ. ಸರ್ಫ್ ಅಲೆ ಎಬ್ಬಿಸುವುದಾದರೆ ದಡದಿಂದ ಕನಿಷ್ಠ 200 ಅಡಿ ದೂರ ಇರಿ ಎಂದು ಇಲ್ಲಿನ ಜಲಕ್ರೀಡಾ ಉದ್ಯಮದವರೇ ಹೇಳುತ್ತಾರೆ. ನಾನು ಅದರ ಎರಡರಷ್ಟು ದೂರ ಹೋಗುತ್ತೇನೆ. ದಡದಲ್ಲಿ ಯಾರದೋ ಮಗು ಮೊಣಕಾಲುದ್ದ ನೀರಲ್ಲಿ ನಿಂತಿರುತ್ತದೆ.

ಎಳೆಯುವ ಕಾರಿನ ಲೆಕ್ಕವನ್ನು ಕಾಗದದ ಮೇಲೆ ಬರೆದೇ ಮಾಡಿ. ಬೋಟ್ 4,500 ಪೌಂಡ್, ಟ್ರೈಲರ್ 1,300, ಟ್ಯಾಂಕಿನಲ್ಲಿ 40 ಗ್ಯಾಲನ್ ಪೆಟ್ರೋಲ್ ಎಂದರೆ 240, ಬೋರ್ಡು, ಜಾಕೆಟ್, ಲಂಗರು, ಐಸ್ ಪೆಟ್ಟಿಗೆ ಸೇರಿ 300. ಒಟ್ಟು 6,340. ನಮ್ಮವರ ಮನೆ ಮುಂದೆ ಸಾಮಾನ್ಯವಾಗಿ ನಿಂತಿರುವ ಒಡಿಸ್ಸಿ, ಸಿಯೆನ್ನಾ ವ್ಯಾನ್‌ಗಳು ಎಳೆಯುವುದು 3,500, ಹೈಲ್ಯಾಂಡರ್‌ನಂಥದ್ದು ಹೆಚ್ಚೆಂದರೆ 5,000. ಎಳೆಯುವುದಕ್ಕಿಂತ ಹೆಚ್ಚಾಗಿ, ರಾಂಪಿನ ಒದ್ದೆ ಇಳಿಜಾರಿನಲ್ಲಿ ನಿಲ್ಲುವುದು ಕಷ್ಟ. ಬೋಟ್ ದುಡ್ಡಿನ ಜೊತೆಗೆ ಟ್ರಕ್ಕಿನ ದುಡ್ಡೂ ಇದೆಯೇ, ಇಲ್ಲ ಲೇಕಿನ ಬಳಿಯೇ ಬಾಡಿಗೆಗೆ ಜಾಗ ಹಿಡಿಯುತ್ತೀರಾ, ಮೊದಲೇ ತೀರ್ಮಾನಿಸಿ.

ಹೊಸ ವೇಕ್ ಬೋಟಿಗೆ ಸಾಮಾನ್ಯವಾಗಿ ಲಕ್ಷ ಡಾಲರ್ ದಾಟುತ್ತದೆ. ನಮ್ಮಂಥವರು ನೋಡುವುದು ಹಳೆಯದನ್ನೇ, ಅದರಲ್ಲಿ ತಪ್ಪೇನಿಲ್ಲ, ನೋಡಲು ಗೊತ್ತಿರಬೇಕು. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿತಲ್ಲ, ಆ ವರ್ಷದ ಮೇ ತಿಂಗಳಲ್ಲಿ ಸ್ಯಾನ್ ಆಂಟೋನಿಯೊ ಹೊರಗೆ ಒಂದು ಶೆಡ್‌ನಲ್ಲಿ ಬೋಟ್ ನೋಡಲು ಹೋಗಿದ್ದೆವು. ಕನ್ನಡಿಯಂತೆ ಹೊಳೆಯುತ್ತಿತ್ತು. ಚಳಿಗೆ ಮುಂಚೆ ಎಂಜಿನ್‌ನ ನೀರೆಲ್ಲ ತೆಗೆಸಿದ್ದೇನೆ ಎಂದರು ಮಾರುವವರು. ನಾನು ಎಂಜಿನ್ ಮುಚ್ಚಳ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು, ಬಿಳಿ ಕಾಗದದ ಮೇಲೆ ಒರೆಸಿದೆ. ಕಪ್ಪೋ ಜೇನಿನ ಬಣ್ಣವೋ ಇರಬೇಕಾದ ಎಣ್ಣೆ ಹಾಲು ಜಾಸ್ತಿಯಾದ ಕಾಫಿಯಂತಿತ್ತು, ಅಂಚಿನಲ್ಲಿ ಸಣ್ಣ ನೊರೆ. ಎಣ್ಣೆಗೆ ನೀರು ಸೇರಿದೆ. ಎಂಜಿನ್ ತಣ್ಣಗಿಡಲು ಎಳೆದುಕೊಂಡ ಲೇಕಿನ ನೀರು ಒಳಗೇ ಉಳಿದು, ಹೆಪ್ಪುಗಟ್ಟಿ, ನೂರಕ್ಕೆ ಒಂಬತ್ತರಷ್ಟು ಹಿಗ್ಗಿ, ಕಬ್ಬಿಣದ ಬ್ಲಾಕ್ ಸೀಳಿತ್ತು. ಅಲ್ಲಿಂದ ಮಾತಾಡದೆ ಎದ್ದು ಬಂದೆವು. ಕಡ್ಡಿ ಎಳೆದು ನೋಡಲು ಅರ್ಧ ನಿಮಿಷ ಸಾಕು, ಯಾರ ಅಪ್ಪಣೆಯೂ ಬೇಡ.

ಕಡ್ಡಿಯ ನಂತರ ಹಿಂಬದಿಯ ಬಲಮೂಲೆಯಲ್ಲಿ ಕೆತ್ತಿದ 12 ಅಕ್ಷರಗಳ ಹಲ್ ನಂಬರ್ ನೋಡಿ. ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಕಾಗದಪತ್ರದ ಜೊತೆ ಅಕ್ಷರಕ್ಷರ ತಾಳೆಯಾಗಬೇಕು. ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ, ಎಲೆಗಳ ಅಂಚು ಬೆರಳಲ್ಲಿ ಸವರಿ. ಎಂಜಿನ್ ತಣ್ಣಗಿಡಲು ನೀರೆಳೆಯುವ ಇಂಪೆಲ್ಲರ್ ಎಂಬ ರಬ್ಬರ್ ಚಕ್ರ ವರ್ಷಕ್ಕೊಮ್ಮೆ ಬದಲಾಯಿಸುವಂಥದ್ದು, ಕೊನೆಗೆ ಯಾವಾಗ ಹಾಕಿದಿರಿ ಎಂದು ಕೇಳಿ. ತಟ್ಟನೆ ಉತ್ತರ ಕೊಟ್ಟವರು ಬೋಟನ್ನು ನೋಡಿಕೊಂಡವರು. ಟವರ್ ಬುಡದ ಬೆಸುಗೆಯಲ್ಲಿ ಬಿರುಕಿದೆಯೇ ನೋಡಿ. ನೀರಿಗಿಳಿಸಿದ ಮೇಲೆ ಪ್ರತಿ ಬಾಲಸ್ಟ್ ಟ್ಯಾಂಕನ್ನೂ ತುಂಬಿಸಿ, ಖಾಲಿ ಮಾಡಿಸಿ, ಗಡಿಯಾರ ಹಿಡಿದು ನೋಡಿ. ಟ್ರ್ಯಾವಿಸ್‌ನಲ್ಲಿ 2017ರಿಂದ ಝೀಬ್ರಾ ಮಸೆಲ್ ಎಂಬ ಚಿಪ್ಪಿನ ಹುಳ ಹಬ್ಬಿದೆ. ಲೇಕ್ ಬಿಡುವ ಮುನ್ನ ಬೋಟಿನ ನೀರೆಲ್ಲ ಬಸಿಯಬೇಕು ಎಂದು ಟೆಕ್ಸಸ್ ಕಾನೂನೇ ಇದೆ. ಟ್ಯಾಂಕ್ ಪೂರ್ತಿ ಬಸಿಯದ ಬೋಟ್ ಆ ಪೀಡೆಯನ್ನು ಇನ್ನೊಂದು ಲೇಕಿಗೆ ಹೊತ್ತುಕೊಂಡು ಹೋಗುತ್ತದೆ.

ಇಲ್ಲಿನ ನಿಯಮ ಕೆಲವು ನೆನಪಿರಲಿ. 1993ರ ಸೆಪ್ಟೆಂಬರ್ 1 ಅಥವಾ ಆಮೇಲೆ ಹುಟ್ಟಿದವರಿಗೆ 15 ಅಶ್ವಶಕ್ತಿಗಿಂತ ದೊಡ್ಡ ಬೋಟ್ ನಡೆಸಲು ತರಬೇತಿ ಪತ್ರ ಬೇಕು. 13 ವರ್ಷದೊಳಗಿನ ಮಕ್ಕಳು ಬೋಟ್ ಚಲಿಸುವಾಗ ಲೈಫ್ ಜಾಕೆಟ್ ತೊಟ್ಟಿರಬೇಕು. ಯಾರನ್ನಾದರೂ ಎಳೆಯುವಾಗ ಹಿಂದೆ ನೋಡುವ ಕನ್ನಡಿಯೋ, 13 ತುಂಬಿದ ಒಬ್ಬ ನೋಡುಗರೋ ಇರಬೇಕು. ನಾನು ಎರಡೂ ಇಟ್ಟುಕೊಳ್ಳುತ್ತೇನೆ. ಎಂಜಿನ್ ಓಡುವಾಗ ಹಿಂದಿನ ಹಲಗೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಅಲ್ಲೇ ತಂಗುತ್ತದೆ, ವಾಸನೆಯೂ ಬಾರದೆ ಪ್ರಜ್ಞೆ ತಪ್ಪಿಸುತ್ತದೆ.

ಮಗುವಿಗೆ ಈ ಆಟ ನಿಜಕ್ಕೂ ಹಿಡಿಸಿದೆಯೋ ಇಲ್ಲವೋ ಎಂಬ ಅನುಮಾನ ಇದ್ದರೆ ಇಷ್ಟೆಲ್ಲದಕ್ಕೂ ಮುಂಚೆ ನ್ಯೂ ಬ್ರಾನ್‌ಫೆಲ್ಸ್‌ನ ಕೇಬಲ್ ಪಾರ್ಕಿಗೆ ಎರಡು ಸಲ ಕರೆದುಕೊಂಡು ಹೋಗಿ. ಅಲ್ಲಿ ಬೋಟೇ ಇಲ್ಲ, ಮೇಲಿನ ತಂತಿ ಎಳೆಯುತ್ತದೆ. ಹಿಡಿಸಿತು ಎಂದಾದರೆ ಬೋಟ್ ಪರೀಕ್ಷೆಯ ದಿನ ಆ ಮಗುವನ್ನೂ ಅದರ ಬೋರ್ಡನ್ನೂ ಜೊತೆಗೆ ಕರೆದೊಯ್ಯಿರಿ. ಸುಮ್ಮನೆ ಒಂದು ಸುತ್ತು ಹೊಡೆದು ಬರಬೇಡಿ, ಹಗ್ಗ ಕಟ್ಟಿಸಿ, ಎಳೆಸಿ. ನೀವು ಬೋಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಿರಿ. ನಡೆಸುವವರ ಸೀಟಿನಿಂದ ಮಗುವಿನ ತಲೆ ಕಾಣುತ್ತದೆಯೇ? ಮೂರನೇ ಸಲ ಬಿದ್ದು ಸುಸ್ತಾಗಿ, ಎಂಜಿನ್ ಆಫ್ ಆದ ಮೇಲೆ ಈಜಿ ಬಂದಾಗ, ಯಾರೂ ಕೈ ಕೊಡದೆ ಆ ಹಲಗೆ ಹತ್ತಲು ಆಗುತ್ತದೆಯೇ? ದುಡ್ಡಿನ ಮಾತು ಅದನ್ನು ನೋಡಿದ ಮೇಲೆ ಆಡಿ.