ಅಮ್ಮನ ಮನೆಯ ಕ್ಯಾಮೆರಾ ಬೇರೆಯವರ ಕಣ್ಣಾಗದಿರಲಿ

ಊರಲ್ಲಿ ಅಪ್ಪ, ಅಮ್ಮ ಇಬ್ಬರೇ ಇರುವ ಎಷ್ಟೋ ಮನೆಗಳಲ್ಲಿ ಈಗ ವೈಫೈ ಕ್ಯಾಮೆರಾ ಬಂದಿದೆ. ನಮ್ಮ ಮನೆಯಲ್ಲೂ ಇದೆ. ಫೋನ್ ತೆಗೆದರೆ ಹಾಲ್ ಕಾಣುತ್ತದೆ, ಜೀವಕ್ಕೆ ಸಮಾಧಾನ. ಆದರೆ ಅದು ನಮಗೆ ಮಾತ್ರ ಕಾಣಬೇಕಲ್ವಾ? ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೀಗೆ ಮಾಡಿ.

ಮೊದಲು ಕ್ಯಾಮೆರಾ ಇಟ್ಟ ಜಾಗ ನೋಡಿ. ಹೋದ ದೀಪಾವಳಿಗೆ ಊರಿಗೆ ಹೋದಾಗ ಗಮನಿಸಿದೆ. ಸೆರಗು ಸರಿಮಾಡಿಕೊಳ್ಳಲೂ ಅಮ್ಮ ಬೀರುವಿನ ಪಕ್ಕದ ಮೂಲೆಗೆ ಹೋಗಿ ನಿಲ್ಲುತ್ತಿದ್ದರು. ಯಾಕೆ ಅಂತ ಕೇಳಿದರೆ, "ಅಲ್ಲಿ ಕ್ಯಾಮೆರಾಕ್ಕೆ ಕಾಣಲ್ಲ ಕಣೋ" ಅಂದರು. ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದರಂತೆ. ಹೊಟ್ಟೆಯಲ್ಲಿ ಸಂಕಟವಾಯಿತು. ಅವತ್ತೇ ಕ್ಯಾಮೆರಾ ಬಿಚ್ಚಿ, ಮುಂಬಾಗಿಲು ಮಾತ್ರ ಕಾಣುವ ಹಾಗೆ ಹಾಕಿದೆ. ಮೈಕ್ ಕೂಡ ಆಫ್ ಮಾಡಿದೆ. ವಯಸ್ಸಾದವರಿಗೆ ಎಂಥ ಗುಟ್ಟು ಅನ್ನಬೇಡಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಮನೆಕೆಲಸಕ್ಕೆ ಬರುವವರಿಗೂ ಕ್ಯಾಮೆರಾ ಎಲ್ಲಿದೆ ಅಂತ ಹೇಳಿಬಿಡಿ.

ಆಮೇಲೆ, ಖಾತೆ ಯಾರ ಹೆಸರಲ್ಲಿದೆ? ಇದನ್ನು ನೋಡಲು ಮರೆಯಬೇಡಿ. ಕ್ಯಾಮೆರಾ ಹಾಕಲು ಬಂದ ಹುಡುಗ, ಕೆಲಸ ಬೇಗ ಮುಗಿಯಲಿ ಅಂತ ತನ್ನ ನಂಬರಿನಲ್ಲೇ ಆ್ಯಪ್ ತೆರೆದು ನಿಮಗೆ 'ಶೇರ್' ಮಾಡಿ ಹೋಗಿರಬಹುದು. ಹಾಗಿದ್ದರೆ ಕ್ಯಾಮೆರಾದ ಯಜಮಾನ ಅವನೇ, ನೀವಲ್ಲ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಶೇರ್ ಆದವರ ಪಟ್ಟಿ ನೋಡಿ. ಅವನಿಗೆ ಫೋನ್ ಮಾಡಿ, ಅವನ ಖಾತೆಯಿಂದ ಕ್ಯಾಮೆರಾ ತೆಗೆಸಿ. ನಂತರ ರೀಸೆಟ್ ಬಟನ್ ಒತ್ತಿ ಹಿಡಿದು, ನಿಮ್ಮ ನಂಬರಿಗೆ ಹೊಸದಾಗಿ ಜೋಡಿಸಿ. ಲಾಗಿನ್‌ಗೆ ಒಟಿಪಿ ಕೇಳುವ ಸೌಲಭ್ಯ ಇದ್ದರೆ ಆನ್ ಮಾಡಿ.

ಕಂಪನಿಯಿಂದ ಬಂದ ಪಾಸ್‌ವರ್ಡ್ ಹಾಗೇ ಬಿಡಬೇಡಿ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾದ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ), ರೂಟರ್‌ (ಮನೆಗೆ ವೈಫೈ ಕೊಡುವ ಪೆಟ್ಟಿಗೆ)ಗಳೊಳಗೆ ನುಗ್ಗಿತ್ತು. ಅದರ ಕೈಯಲ್ಲಿ ಇದ್ದದ್ದು 'ಅಡ್ಮಿನ್', '1234' ಥರದ ಸುಮಾರು 60 ಜೋಡಿ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಪಟ್ಟಿ. ಕ್ಯಾಮೆರಾಕ್ಕೆ ಒಂದು, ರೂಟರಿಗೆ ಇನ್ನೊಂದು ಉದ್ದನೆಯ ಪಾಸ್‌ವರ್ಡ್ ಇಡಿ. ಅಮ್ಮನ ಡೈರಿಯಲ್ಲಿ ಬರೆದಿಟ್ಟರೂ ಪರವಾಗಿಲ್ಲ.

ರೂಟರಿನ ಸೆಟ್ಟಿಂಗ್ಸ್ ತೆರೆಯುವ ವಿಳಾಸ ಅದರ ಹಿಂದಿನ ಸ್ಟಿಕರ್‌ನಲ್ಲಿ ಇರುತ್ತದೆ, ಸಾಮಾನ್ಯವಾಗಿ 192.168.1.1. ಅಲ್ಲಿ 'ಗೆಸ್ಟ್ ನೆಟ್‌ವರ್ಕ್', ಅಂದರೆ ಅತಿಥಿಗಳಿಗೆಂದು ಇರುವ ಬೇರೆ ವೈಫೈ, ಆನ್ ಮಾಡಿ, ಕ್ಯಾಮೆರಾ, ಸ್ಮಾರ್ಟ್ ಟಿವಿ ಎಲ್ಲವನ್ನೂ ಅದಕ್ಕೆ ಸೇರಿಸಿ. ಇದು ಅಪರಿಚಿತರನ್ನು ಜಗಲಿಯಲ್ಲೇ ಕೂರಿಸಿದ ಹಾಗೆ. ಬ್ಯಾಂಕ್ ಆ್ಯಪ್ ಇರುವ ಫೋನ್ ನಡುಮನೆಯಲ್ಲಿ ಬೇರೆಯೇ ಇರುತ್ತದೆ. 'ಯುಪಿಎನ್‌ಪಿ' ಅಂತ ಕಂಡರೆ ಆಫ್ ಮಾಡಿ. ಅದು ಸಾಧನಗಳು ನಿಮ್ಮನ್ನು ಕೇಳದೆ ಹೊರಗಿನಿಂದ ಒಳಗೆ ದಾರಿ ತೆರೆಯಲು ಬಿಡುತ್ತದೆ.

ಕ್ಯಾಮೆರಾದ ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಮುಂದೂಡಬೇಡಿ. ಮುಂದೆ ಯಾವತ್ತಾದರೂ ಕ್ಯಾಮೆರಾ ಮಾರುವಾಗ ಅಥವಾ ಗುಜರಿಗೆ ಹಾಕುವಾಗ ಆ್ಯಪ್‌ನಿಂದ ಅದನ್ನು ತೆಗೆದು, ರೀಸೆಟ್ ಮಾಡಿ, ಬದಿಯಲ್ಲಿರುವ ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡನ್ನು ಹೊರಗೆಳೆದುಕೊಳ್ಳಿ.