ಕಾಕು ಫೋನಿನಿಂದ ಬೇಡದ ಆ್ಯಪ್ ತೆಗೆದದ್ದು ಹೀಗೆ

ಇಳಕಲ್ಲಿನ ನಮ್ಮ ಕಾಕು (ಚಿಕ್ಕಮ್ಮ) ಸೀರೆ ಮಾರುವುದೇ ಫೋನಿನಲ್ಲಿ. ಮನೆಯಲ್ಲಿ ಎರಡು ಮಗ್ಗ ಇವೆ. ಸೀರೆ ಇಳಿದ ದಿನ ಟೋಪ ತೆನಿ ಸೆರಗನ್ನು ಹರಡಿ, ಬಾಗಿಲ ಬೆಳಕಿಗೆ ಹಿಡಿದು, ಫೋಟೋ ತೆಗೆದು ಕೊಲ್ಹಾಪುರ, ಪುಣೆಯ ಗಿರಾಕಿಗಳಿಗೆ ವಾಟ್ಸಾಪ್ ಮಾಡುತ್ತಾರೆ. ಹೋದ ಶ್ರಾವಣದಲ್ಲಿ ಒಬ್ಬ ಗಿರಾಕಿ ಗೋಮಿ ದಡಿಯ ಫೋಟೋ ಈಗಲೇ ಬೇಕು ಅಂದರು. ಕ್ಯಾಮೆರಾ ತೆರೆಯಿತು, ಫೋಟೋ ಮಾತ್ರ ಉಳಿಯಲಿಲ್ಲ. ಸ್ಟೋರೇಜ್ ಫುಲ್. ಏನಾದರೂ ಅಳಿಸೋಣ ಎಂದು ತಡಕಾಡಿದರೆ ಲಾಕ್ ಸ್ಕ್ರೀನಿನಲ್ಲೇ ಜಾಹೀರಾತು, ಅದಕ್ಕೆ ಬೆರಳು ತಗುಲಿದರೆ ಯಾವುದೋ ಗೇಮ್ ಇಳಿಸಿಕೊಳ್ಳಿ ಎನ್ನುವ ಪುಟ. ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಸೀರೆ ತೆಗೆದುಕೊಂಡಿದ್ದರು.

ನನಗೆ ಬಾಗಲಕೋಟೆಯ ನವನಗರದಲ್ಲಿ ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಒಟಿಪಿ ಬರಲಿ ಎಂದು ಕಾಯುವಾಗ ದಿನಕ್ಕೆ ಹತ್ತು ಜನರ ಫೋನ್ ಕೈಗೆ ಬರುತ್ತದೆ. ಹೆಚ್ಚು ಕಡಿಮೆ ಎಲ್ಲರದ್ದೂ ಇದೇ ಕಥೆ. ಹಾಗಾಗಿ ಆ ಭಾನುವಾರ ಇಳಕಲ್ಲಿಗೆ ಹೋಗಿ ಕಾಕು ಪಕ್ಕದಲ್ಲಿ ಕೂತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು. ಫೋನ್ ಯಾರದೋ ಅವರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ‘ಕೊಡ್ರಿ, ಕ್ಲೀನ್ ಮಾಡಿ ಕೊಡ್ತೀನಿ’ ಎಂದು ಕಸಿದುಕೊಂಡು ಮಾಡಬೇಡಿ. ನಾನು ಸೆಟ್ಟಿಂಗ್ಸ್ ತೆರೆದು, ಆ್ಯಪ್ಸ್ ಒತ್ತಿ, ಎಲ್ಲ ಆ್ಯಪ್‌ಗಳ ಪಟ್ಟಿ ತೆಗೆದೆ. ಕೆಲವು ಫೋನಿನಲ್ಲಿ ಅದಕ್ಕೆ ಮ್ಯಾನೇಜ್ ಆ್ಯಪ್ಸ್ ಎಂದಿರುತ್ತದೆ. ಒಂದೊಂದೇ ಹೆಸರು ಓದಿ ಕೇಳುತ್ತಾ ಹೋದೆ. ಬ್ರೌಸರ್ ಎರಡೆರಡು, ಕಂಪನಿಯದೇ ಆ್ಯಪ್ ಅಂಗಡಿ, ಥೀಮ್, ಮೂರು ಗೇಮ್, ಶಾಪಿಂಗ್, ಸಣ್ಣ ವಿಡಿಯೋದ ಆ್ಯಪ್. ಕಾಕು ಪ್ರತಿ ಸಲವೂ ‘ಇದು ನಂದಲ್ಲ, ನಾ ಹಾಕೇ ಇಲ್ಲ’ ಅನ್ನುತ್ತಿದ್ದರು. ವಾಯ್ಸ್ ರೆಕಾರ್ಡರ್ ಬಂತು. ಇದೂ ಫೋನಿನ ಜೊತೆ ಬಂದದ್ದೇ, ತೆಗೆಯೋಣ ಎಂದು ಬೆರಳಿಟ್ಟೆ. ಕಾಕು ನನ್ನ ಕೈ ಹಿಡಿದರು. ‘ಅದನ್ನ ಬಿಡು. ಗಿರಾಕಿ ಹೇಳಿದ ಬಣ್ಣ, ದಡಿ ಎಲ್ಲಾ ನಾ ಅದರಾಗ ಹೇಳಿ ಇಟ್ಕೋತೀನಿ.’ ತೆರೆದು ನೋಡಿದರೆ ನಲವತ್ತಕ್ಕೂ ಜಾಸ್ತಿ ರೆಕಾರ್ಡಿಂಗ್. ಒಂದನ್ನು ಒತ್ತಿದೆ. ಹಿಂದೆ ಮಗ್ಗದ ಸದ್ದು, ಮುಂದೆ ಕಾಕು ದನಿ: ‘ಪುಣೆ ಬಾಯಿ, ದಾಳಿಂಬ್ರ ಬಣ್ಣ, ಪರಾಸಪೇಟಿ ದಡಿ, ದಸರೆಯೊಳಗ.’ ಅದು ಅವರ ಆರ್ಡರ್ ಬುಕ್. ಕೇಳದೆ ಕೈ ಹಾಕಿದ್ದರೆ ಆ ಬುಕ್ಕು ನನ್ನ ಕೈಯಲ್ಲೇ ಹೋಗುತ್ತಿತ್ತು. ಅದಕ್ಕೇ ಹೇಳುವುದು, ಕೇಳಿ ತೆಗೆಯಿರಿ.

ಇನ್ನು ಬಟನ್‌ಗಳ ವಿಷಯ. ಆ್ಯಪ್ ಹೆಸರಿನ ಮೇಲೆ ಒತ್ತಿದರೆ ಅನ್‌ಇನ್‌ಸ್ಟಾಲ್ ಅಂತ ಕಂಡರೆ ಒಳ್ಳೆಯದು, ಒತ್ತಿಬಿಡಿ, ಪೂರ್ತಿ ಹೋಗುತ್ತದೆ. ಜೊತೆಗೆ ಬಂದ ಗೇಮ್, ಶಾಪಿಂಗ್ ಆ್ಯಪ್‌ಗಳಲ್ಲಿ ಹೆಚ್ಚಿನವು ಹೀಗೇ ಹೋಗುತ್ತವೆ. ಇನ್ನು ಕೆಲವಕ್ಕೆ ಆ ಬಟನ್ ಇರುವುದಿಲ್ಲ, ಬದಲಿಗೆ ಡಿಸೇಬಲ್ ಇರುತ್ತದೆ. ಫೋನ್ ಕನ್ನಡದಲ್ಲಿದ್ದರೆ ‘ನಿಷ್ಕ್ರಿಯಗೊಳಿಸಿ’ ಎಂದು ಕಾಣುತ್ತದೆ. ಆ ಆ್ಯಪ್‌ಗಳು ಕೂತಿರುವುದು ಸಿಸ್ಟಮ್‌ಗೆಂದೇ ಬೇರೆ ಇಟ್ಟ ಜಾಗದಲ್ಲಿ. ಅಲ್ಲಿ ಓದಬಹುದು, ಅಳಿಸಲು ಬರುವುದಿಲ್ಲ. ಡಿಸೇಬಲ್ ಮಾಡಿದರೆ ಐಕಾನ್ ಮಾಯವಾಗುತ್ತದೆ, ಹಿಂದಿನಿಂದ ಓಡುವುದು ನಿಲ್ಲುತ್ತದೆ, ನೋಟಿಫಿಕೇಶನ್ ಬರುವುದಿಲ್ಲ. ಮೂಲ ಆ್ಯಪ್ ಮಾತ್ರ ತನ್ನ ಜಾಗದಲ್ಲೇ ಇರುತ್ತದೆ.

ಹಾಗಾದರೆ ಜಾಗ ಹೇಗೆ ಉಳಿಯುತ್ತದೆ? ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಫೋನ್ ಕೊಂಡ ಮೇಲೆ ಆ ಆ್ಯಪ್‌ಗೆ ಬಂದ ಅಪ್‌ಡೇಟ್‌ಗಳು, ಅದು ಕೂಡಿಟ್ಟ ಡೇಟಾ, ಕ್ಯಾಶ್ (ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲುಗಳು) ಎಲ್ಲ ನಮ್ಮ ಸ್ಟೋರೇಜಿನಲ್ಲಿ ತುಂಬಿರುತ್ತವೆ. ಮೊದಲು ಆ ಆ್ಯಪ್‌ನ ಸ್ಟೋರೇಜ್ ಒಳಗೆ ಹೋಗಿ ಕ್ಲಿಯರ್ ಡೇಟಾ ಕೊಡಿ. ಆಮೇಲೆ ಮೂಲೆಯ ಮೂರು ಚುಕ್ಕಿ ಒತ್ತಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಕೊಡಿ, ಕೊನೆಗೆ ಡಿಸೇಬಲ್. ಕೆಲವು ಸಲ ಡಿಸೇಬಲ್ ಒತ್ತಿದಾಗಲೇ ‘ಫ್ಯಾಕ್ಟರಿಯಿಂದ ಬಂದ ಆವೃತ್ತಿಗೆ ಮರಳಲೇ, ಡೇಟಾ ಎಲ್ಲ ಹೋಗುತ್ತದೆ’ ಎಂದು ಫೋನೇ ಕೇಳುತ್ತದೆ. ಆ ಆ್ಯಪ್‌ನಲ್ಲಿ ನಿಮ್ಮದೇನೂ ಇಲ್ಲ ಎಂದು ಖಾತ್ರಿಯಾದರೆ ಮಾತ್ರ ಹೂಂ ಅನ್ನಿ. ಡಿಸೇಬಲ್ ಆದದ್ದಕ್ಕೆ ಪ್ಲೇ ಸ್ಟೋರ್ ಮತ್ತೆ ಅಪ್‌ಡೇಟ್ ಇಳಿಸುವುದಿಲ್ಲ. ಹಾಗಾಗಿ ಉಳಿದ ಜಾಗ ಉಳಿದೇ ಇರುತ್ತದೆ.

ಗೂಗಲ್‌ನ ಆ್ಯಪ್‌ಗಳನ್ನೂ ಪೂರ್ತಿ ತೆಗೆಯಲು ಯಾಕೆ ಬಿಡುವುದಿಲ್ಲ ಎಂದು ಅಂಗಡಿಯಲ್ಲಿ ತುಂಬ ಜನ ಕೇಳುತ್ತಾರೆ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಮೊದಲೇ ಹಾಕಿ ಕೊಟ್ಟ ಗೂಗಲ್ ಆ್ಯಪ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಲು ಬಳಕೆದಾರರನ್ನು ತಡೆಯಬಾರದು ಎಂದೂ ಆಗ ಹೇಳಿತ್ತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ಆ ಅನ್‌ಇನ್‌ಸ್ಟಾಲ್ ಸೂಚನೆಯನ್ನು ತೆಗೆದುಹಾಕಿತು. ದುಡ್ಡು ಕೊಟ್ಟು ಕೊಂಡ ಫೋನಿನಲ್ಲಿ ಏನಿರಬೇಕು ಎನ್ನುವುದು ಕೊಂಡವರ ಮಾತಾಗಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಡಿಸೇಬಲ್.

ಕೈ ಹಾಕಲೇಬಾರದ ಹೆಸರುಗಳೂ ಇವೆ. ಗೂಗಲ್ ಪ್ಲೇ ಸರ್ವಿಸಸ್, ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ, ಫೋನ್, ಮೆಸೇಜಸ್, ಕಾಂಟ್ಯಾಕ್ಟ್ಸ್, ಸಿಮ್ ಟೂಲ್‌ಕಿಟ್, ಹೋಮ್ ಸ್ಕ್ರೀನ್ ತೋರಿಸುವ ಲಾಂಚರ್. ಕೀಬೋರ್ಡ್ ತೆಗೆಯುವುದಾದರೆ ಮೊದಲು ಇನ್ನೊಂದು ಕೀಬೋರ್ಡ್ ಹಾಕಿ, ಅದರಲ್ಲಿ ಕನ್ನಡ ಬರುತ್ತದಾ ಎಂದು ಬರೆದು ನೋಡಿ, ಆಮೇಲೆ ತೆಗೆಯಿರಿ. ಅಂಗಡಿ ಇಟ್ಟ ಹೊಸದರಲ್ಲಿ ಒಬ್ಬ ಹುಡುಗನ ಫೋನಿನಲ್ಲಿ ನಾನು ಪ್ಲೇ ಸರ್ವಿಸಸ್ ಡಿಸೇಬಲ್ ಮಾಡಿದ್ದೆ. ಬ್ಯಾಟರಿ ತಿನ್ನುವ ಪಟ್ಟಿಯಲ್ಲಿ ಅದೇ ಮೇಲಿತ್ತು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಅವನ ಪೇಮೆಂಟ್ ಆ್ಯಪ್ ತೆರೆಯಲೇ ಇಲ್ಲ, ಜೇಬಿನಲ್ಲಿ ಚಿಲ್ಲರೆಯೂ ಇರಲಿಲ್ಲ. ಮತ್ತೆ ಅಂಗಡಿಗೆ ಬಂದಾಗ ಎನೇಬಲ್ ಒತ್ತಿದೆ, ಸರಿಯಾಯಿತು. ಆದರೆ ಅವನು ಅವತ್ತು ಕಾಲೇಜಿಗೆ ತಡವಾಗಿ ಹೋದದ್ದು ನನ್ನಿಂದಲೇ. ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಹೆಸರು ನೋಡಿ ಅದರ ಕೆಲಸ ಏನೆಂದು ಹೇಳಲು ಬರದಿದ್ದರೆ ಮುಟ್ಟುವುದಿಲ್ಲ. ಒಂದೇ ಸಲಕ್ಕೆ ಇಪ್ಪತ್ತು ಆ್ಯಪ್ ತೆಗೆಯುವುದಿಲ್ಲ. ಮೂರು ನಾಲ್ಕು ತೆಗೆದು, ಫೋನ್ ರೀಸ್ಟಾರ್ಟ್ ಮಾಡಿ, ಕರೆ, ಮೆಸೇಜ್, ಪೇಮೆಂಟ್ ಮೂರೂ ನಡೆಯುತ್ತವಾ ಎಂದು ನೋಡಿ ಮುಂದೆ ಹೋಗುತ್ತೇನೆ.

ಪಟ್ಟಿಯಲ್ಲಿ ಶೋ ಸಿಸ್ಟಮ್ ಕೊಟ್ಟರೆ ಇನ್ನಷ್ಟು ಹೆಸರು ಬರುತ್ತವೆ. ಫೇಸ್‌ಬುಕ್ ತೆಗೆದರೂ ಅದರ ಕಂಪನಿಯದೇ ಆದ ಮೆಟಾ ಆ್ಯಪ್ ಮ್ಯಾನೇಜರ್, ಮೆಟಾ ಆ್ಯಪ್ ಇನ್‌ಸ್ಟಾಲರ್, ಮೆಟಾ ಸರ್ವಿಸಸ್ ಎಂಬ ಮೂರು ಹಲವು ಫೋನುಗಳಲ್ಲಿ ಉಳಿದಿರುತ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಬಳಸದಿದ್ದರೆ ಇವನ್ನು ಡಿಸೇಬಲ್ ಮಾಡಬಹುದು.

ಡಿಸೇಬಲ್ ಬಟನ್ ಮಸುಕಾಗಿದ್ದರೆ? ಅದೇ ಪುಟದಲ್ಲಿ ನೋಟಿಫಿಕೇಶನ್ ಬಂದ್ ಮಾಡಿ, ಪರ್ಮಿಷನ್ ಒಳಗೆ ಹೋಗಿ ಲೊಕೇಶನ್, ಮೈಕ್, ಕಾಂಟ್ಯಾಕ್ಟ್ಸ್ ಎಲ್ಲ ಕಿತ್ತುಕೊಳ್ಳಿ. ಮೊಬೈಲ್ ಡೇಟಾ ಪುಟದಲ್ಲಿ ಬ್ಯಾಕ್‌ಗ್ರೌಂಡ್ ಡೇಟಾವನ್ನೂ ನಿಲ್ಲಿಸಿ. ಇದ್ದರೂ ಬಾಯಿ ಮುಚ್ಚಿಕೊಂಡು ಇರುತ್ತದೆ.

ಲಾಕ್ ಸ್ಕ್ರೀನಿನ ಜಾಹೀರಾತು ಬೇರೆಯೇ ಕಡೆ ಇರುತ್ತದೆ. ಸೆಟ್ಟಿಂಗ್ಸ್‌ನ ಲಾಕ್ ಸ್ಕ್ರೀನ್ ಭಾಗದಲ್ಲಿ ಗ್ಲಾನ್ಸ್, ವಾಲ್‌ಪೇಪರ್ ಕ್ಯಾರೊಸೆಲ್, ಮ್ಯಾಗಝಿನ್ ಇಂಥ ಹೆಸರು ಹುಡುಕಿ ಆಫ್ ಮಾಡಿ. ಹೆಸರು ಕಂಪನಿಗೊಂದು ಥರ. ಶಾಓಮಿ, ರೆಡ್ಮಿ ಫೋನ್ ಇದ್ದವರು ಪಾಸ್‌ವರ್ಡ್ಸ್ ಅಂಡ್ ಸೆಕ್ಯೂರಿಟಿ ಒಳಗೆ ಆಥರೈಸೇಶನ್ ಅಂಡ್ ರಿವೊಕೇಶನ್ ತೆರೆದು ಎಂಎಸ್‌ಎ ಎಂಬ ಜಾಹೀರಾತು ತೋರಿಸುವ ಆ್ಯಪನ್ನು ಆಫ್ ಮಾಡಬೇಕು. ಇಂಟರ್ನೆಟ್ ಆನ್ ಇರಲಿ. ಹತ್ತು ಸೆಕೆಂಡ್ ಕಾಯಿಸುತ್ತದೆ, ಮೊದಲ ಸಲ ಆಗಲಿಲ್ಲ ಎಂದೂ ಹೇಳಬಹುದು. ಬಿಡಬೇಡಿ, ಮತ್ತೆ ಒತ್ತಿ.

ಕಂಪ್ಯೂಟರಿಗೆ ಜೋಡಿಸಿ ತೆಗೆಯುವ ದಾರಿಯೂ ಇದೆ, ಎಡಿಬಿ ಎನ್ನುತ್ತಾರೆ. ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ, ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಗೂಗಲ್ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್ ಬಳಸಿ ಕಮಾಂಡ್ ಕೊಡಬೇಕು. ಹೀಗೆ ತೆಗೆದರೂ ಆ್ಯಪ್ ಹೋಗುವುದು ಆ ಬಳಕೆದಾರರ ಪಾಲಿಗೆ ಮಾತ್ರ. ಮೂಲ ಒಳಗೇ ಇರುತ್ತದೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ವಾಪಸ್ ಬರುತ್ತದೆ. ತಪ್ಪು ಹೆಸರು ಕೊಟ್ಟರೆ ಫೋನ್ ಆನ್ ಆಗದೆ ಸುತ್ತುತ್ತಾ ಕೂರಬಹುದು. ಆಗ ರೀಸೆಟ್ ಮಾಡಬೇಕು, ಫೋಟೋ ಎಲ್ಲ ಹೋಗುತ್ತದೆ. ಒಂದೇ ಫೋನ್ ಇರುವವರದ್ದಕ್ಕೆ ನಾನು ಇದನ್ನು ಮಾಡುವುದಿಲ್ಲ, ಕಾಕು ಫೋನಿಗೂ ಮಾಡಲಿಲ್ಲ. ನೀವು ಮಾಡುವುದಾದರೆ ಬ್ಯಾಕಪ್ ತೆಗೆದಿಡಿ, ಆ್ಯಪ್ ವಾಪಸ್ ತರುವ ಕಮಾಂಡನ್ನೂ ಬರೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಿ.

ಫೋನ್ ಕ್ಲೀನ್ ಮಾಡುವ ಆ್ಯಪ್ ಮಾತ್ರ ಯಾವುದನ್ನೂ ಹಾಕಿಕೊಳ್ಳಬೇಡಿ. ಜಾಗ ಬೇಕೆಂದು ಹಾಕಿದ್ದು ತಾನೇ ಜಾಗ ತಿಂದು ಜಾಹೀರಾತು ತೋರಿಸುತ್ತದೆ.

ಕಾಕು ಫೋನ್ 32 ಜಿಬಿಯದು. ಬೆಳಿಗ್ಗೆ ಖಾಲಿ ಇದ್ದದ್ದು 300 ಎಂಬಿಗಿಂತ ಕಡಿಮೆ. ಹನ್ನೊಂದು ಆ್ಯಪ್ ತೆಗೆದು, ಏಳು ಡಿಸೇಬಲ್ ಮಾಡಿದ ಮೇಲೆ ಎರಡು ಜಿಬಿ ಚಿಲ್ಲರೆ ಆಯಿತು. ವಾಟ್ಸಾಪ್‌ನ ಸ್ಟೋರೇಜ್ ಅಂಡ್ ಡೇಟಾದಲ್ಲಿ ಮ್ಯಾನೇಜ್ ಸ್ಟೋರೇಜ್ ತೆರೆದು, ಫಾರ್ವರ್ಡ್ ಆಗಿ ಬಂದ ದೊಡ್ಡ ವಿಡಿಯೋ ಅಳಿಸಿದಾಗ ಇನ್ನೂ ಮೂರು ಜಿಬಿ ಸಿಕ್ಕಿತು. ಸೀರೆಯ ಫೋಟೋ ಒಂದನ್ನೂ ಅಳಿಸಲಿಲ್ಲ.

ಡಿಸೇಬಲ್ ಮಾಡಿದ ಏಳು ಹೆಸರನ್ನು ತಾರೀಖು ಹಾಕಿ ಒಂದು ಚೀಟಿಯಲ್ಲಿ ಬರೆದು ಕಾಕು ಫೋನಿನ ಕವರಿನೊಳಗೆ ಇಟ್ಟಿದ್ದೇನೆ. ನಾಳೆ ಏನಾದರೂ ಕೆಲಸ ಮಾಡದಿದ್ದರೆ ಯಾವುದನ್ನು ಎನೇಬಲ್ ಮಾಡಿ ನೋಡಬೇಕೆಂದು ಯಾರಿಗಾದರೂ ತಿಳಿಯಬೇಕು ಅಲ್ವಾ? ದೊಡ್ಡ ಸಿಸ್ಟಮ್ ಅಪ್‌ಡೇಟ್ ಆದಾಗ ಒಂದೆರಡು ತಾವಾಗಿ ವಾಪಸ್ ಬರುವುದೂ ಉಂಟು. ದೀಪಾವಳಿ ಹೊತ್ತಿಗೆ ಹಾಗೇ ಆಯಿತು. ಕಾಕು ಫೋನ್ ಮಾಡಿ, ‘ಚೀಟ್ಯಾಗಿನ ಮೂರನೇದು ಮತ್ತ ಬಂದೈತಿ. ನಾನ ತೆಗದೆ. ಸರಿ ಮಾಡೀನೇನ ನೋಡು’ ಎಂದು ಸ್ಕ್ರೀನ್‌ಶಾಟ್ ಕಳಿಸಿದರು. ಸರಿಯಾಗಿಯೇ ಮಾಡಿದ್ದರು.