ಖಾಲಿ ನೇಮ್‌ಸ್ಪೇಸ್ ಕೊಟ್ಟ ಕಾಟ

ಮಾಹಿತಿಯನ್ನು ಟ್ಯಾಗುಗಳಲ್ಲಿ ಬರೆದಿಡುವ ಒಂದು ಎಕ್ಸ್‌ಎಂಎಲ್ ಕಡತವನ್ನು, ಅಂಥ ಕಡತಗಳ ರೂಪ ಬದಲಿಸುವ ಎಕ್ಸ್‌ಎಸ್‌ಎಲ್‌ಟಿ ಭಾಷೆ ಬಳಸಿ, ಎಸ್‌ವಿಜಿ ಚಿತ್ರವಾಗಿ (ಟ್ಯಾಗುಗಳಲ್ಲೇ ಬರೆದ ಚಿತ್ರ) ಪರಿವರ್ತಿಸುತ್ತಿದ್ದೆ. ಬ್ರೌಸರ್‌ನಲ್ಲಿ ತೆರೆದರೆ ಬರೀ ಬಿಳಿ ಪರದೆ, ಒಂದು ದೋಷ ಸಂದೇಶವೂ ಇಲ್ಲ. ಕಡತವನ್ನು ಬಿಚ್ಚಿ ನೋಡಿದೆ. ಹೊರಗಿನ ಟ್ಯಾಗ್ ಸರಿಯಾಗಿಯೇ ಇತ್ತು. ಒಳಗಿನ ಪ್ರತಿ ವೃತ್ತದ ಟ್ಯಾಗಿಗೂ ಖಾಲಿ ‘ಎಕ್ಸ್‌ಎಂಎಲ್‌ಎನ್‌ಎಸ್’ ಘೋಷಣೆ ಅಂಟಿಕೊಂಡಿತ್ತು. ಟ್ಯಾಗ್ ಯಾವ ಶಬ್ದಕೋಶಕ್ಕೆ ಸೇರಿದ್ದು, ಅಂದರೆ ಅದರ ನೇಮ್‌ಸ್ಪೇಸ್ ಯಾವುದು ಎಂದು ಹೇಳುವ ಘೋಷಣೆ ಅದು. ಅದು ಖಾಲಿಯಿದ್ದುದರಿಂದ ಬ್ರೌಸರ್ ವೃತ್ತಗಳನ್ನು ಎಸ್‌ವಿಜಿ ಚಿತ್ರದ ಭಾಗವೆಂದು ಗುರುತಿಸಿರಲಿಲ್ಲ.

ಮೊದಲು ಆ ಖಾಲಿ ಘೋಷಣೆಗಳನ್ನೆಲ್ಲ ಹುಡುಕಿ ಅಳಿಸಿದೆ. ಚಿತ್ರವೇನೋ ಮೂಡಿತು, ಆದರೆ ಹೇಳಿಕೊಳ್ಳಲು ನಾಚಿಕೆಯಾಗುವಂಥ ಉಪಾಯ ಅದು.

ತಪ್ಪು ಪ್ರೊಸೆಸರಿನದಲ್ಲ (ಪರಿವರ್ತನೆ ಮಾಡುವ ತಂತ್ರಾಂಶದ್ದಲ್ಲ), ನನ್ನದೇ. ಪರಿವರ್ತನೆಯ ನಿಯಮಗಳನ್ನು ಬರೆದಿಡುವ ಕಡತವೇ ಸ್ಟೈಲ್‌ಶೀಟ್, ಅದರೊಳಗಿನ ಒಂದೊಂದು ನಿಯಮವೂ ಒಂದು ಟೆಂಪ್ಲೇಟ್. ಎಸ್‌ವಿಜಿ ನೇಮ್‌ಸ್ಪೇಸನ್ನು ಮುಖ್ಯ ಟೆಂಪ್ಲೇಟಿನೊಳಗಿನ ಹೊರ ಟ್ಯಾಗಿನಲ್ಲಿ ಮಾತ್ರ ಘೋಷಿಸಿದ್ದೆ. ವೃತ್ತಗಳನ್ನು ಬರೆಯುತ್ತಿದ್ದುದು ಇನ್ನೊಂದು ಟೆಂಪ್ಲೇಟ್. ಟ್ಯಾಗಿನ ನೇಮ್‌ಸ್ಪೇಸ್ ನಿರ್ಧಾರವಾಗುವುದು ಅದನ್ನು ಸ್ಟೈಲ್‌ಶೀಟಿನಲ್ಲಿ ಎಲ್ಲಿ ಬರೆದಿದ್ದೇವೆ ಎಂಬುದರಿಂದ. ಫಲಿತಾಂಶದಲ್ಲಿ ಅದು ಯಾರ ಮಡಿಲಿಗೆ ಬೀಳುತ್ತದೆ ಎಂಬುದರಿಂದಲ್ಲ. ನನ್ನ ವೃತ್ತಗಳಿಗೆ ನೇಮ್‌ಸ್ಪೇಸೇ ಇರಲಿಲ್ಲ. ಪ್ರೊಸೆಸರ್ ಅದನ್ನೇ ಪ್ರಾಮಾಣಿಕವಾಗಿ ಬರೆದಿತ್ತು.

ಘೋಷಣೆಯನ್ನು ಇಡೀ ಸ್ಟೈಲ್‌ಶೀಟನ್ನು ಸುತ್ತುವರಿದ ಎಲ್ಲಕ್ಕಿಂತ ಹೊರಗಿನ ಟ್ಯಾಗಿಗೆ ಸರಿಸಿದೆ, ಅಷ್ಟೇ. ಮೂಲ ಎಕ್ಸ್‌ಎಂಎಲ್ ಕಡತದ ಟ್ಯಾಗುಗಳನ್ನು ಹೆಸರಿನಿಂದ ಹುಡುಕುವ ಎಕ್ಸ್‌ಪಾತ್ ಸೂತ್ರಗಳು ಕೆಡಬಹುದೆಂಬ ಅಳುಕಿತ್ತು. ಪೂರ್ವಪ್ರತ್ಯಯವಿಲ್ಲದ (ಟ್ಯಾಗಿನ ಹೆಸರಿನ ಮುಂಚೆ ಕಿರುಗುರುತು ಸೇರಿಸದ) ಘೋಷಣೆ ಎಕ್ಸ್‌ಪಾತ್ ಹೆಸರುಗಳಿಗೆ ಅನ್ವಯಿಸುವುದೇ ಇಲ್ಲವಾದ್ದರಿಂದ ಏನೂ ಕೆಡಲಿಲ್ಲ.